ಬೆಳ್ಳಿಯ ಅಸ್ತ್ರ, ಬೂದುಬಣ್ಣದ ರಾಜ್ಯ

1839ರಲ್ಲಿ ತಿಯೊಡೋರ್ ಶ್ವಾನ್ ಎಂಬ ಜರ್ಮನ್ ಪಂಡಿತನು, ಸಸ್ಯವಾಗಲಿ ಪ್ರಾಣಿಯಾಗಲಿ ಸಕಲ ಜೀವದೇಹವೂ ಕೋಶಗಳೆಂಬ ಸೂಕ್ಷ್ಮ ಪ್ರಜೆಗಳಿಂದಲೇ ನಿರ್ಮಿತವಾದದ್ದೆಂದು ಸಾರಿದಾಗ, ದೇಹದ ಪ್ರಾಂತಗಳು ಒಂದೊಂದಾಗಿ ಆ ಶಾಸನಕ್ಕೆ ತಲೆಬಾಗಿದವು. ಚರ್ಮ ಒಪ್ಪಿತು, ಮೃದ್ವಸ್ಥಿ ಒಪ್ಪಿತು, ಯಕೃತ್ತು ಒಪ್ಪಿತು. ಕಪ್ಪ ಸಲ್ಲಿಸದೆ ಬಾಗಿಲು ಮುಚ್ಚಿಕೊಂಡು ನಿಂತದ್ದು ಒಂದೇ ರಾಜ್ಯ. ತಲೆಬುರುಡೆಯ ಕೋಟೆಯೊಳಗೆ ರಾಜಧಾನಿಯನ್ನಿಟ್ಟುಕೊಂಡು, ಬೆನ್ನೆಲುಬಿನ ಸುರಂಗದಲ್ಲಿ ಒಂದೂವರೆ ಅಡಿಯಷ್ಟು ಕೆಳಗಿಳಿದು, ಅಲ್ಲಿಂದ ಬೆರಳ ತುದಿಯವರೆಗೂ ಆಜ್ಞೆ ಕಳುಹಿಸುವ ಕೇಂದ್ರ ನರಮಂಡಲವೇ ಆ ರಾಜ್ಯ. ಅದರ ಮೇರೆಗಳನ್ನು ಅಂಗರಚನಾಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ಅಳೆದು ನಕ್ಷೆ ಬರೆದಿದ್ದರು. ಬೆಟ್ಟ ಕಣಿವೆಗಳಂತಹ ಅದರ ಮಡಿಕೆಗಳಿಗೆ ಲ್ಯಾಟಿನ್ ಹೆಸರುಗಳನ್ನೂ ಇಟ್ಟಿದ್ದರು. ಅಲ್ಲಿನ ಪ್ರಜೆಗಳು ಯಾರು, ಅವರ ಕಸುಬೇನು, ಒಬ್ಬನ ಮಾತು ಇನ್ನೊಬ್ಬನಿಗೆ ಮುಟ್ಟುವುದು ಹೇಗೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಆ ರಾಜ್ಯದ ವಾರಸುದಾರರು ನಾವೇ. ಈ ಸಾಲನ್ನು ಓದುವ ಕಣ್ಣುಗಳ ಹಿಂದೆ ಅದರ ಆಳ್ವಿಕೆ ಈ ಕ್ಷಣವೂ ನಡೆದಿದೆ. ಹಾಗಾಗಿ ಅದರ ಪ್ರಜೆಗಳನ್ನು ಮೊದಲು ಕಂಡವರ ಚರಿತ್ರೆಯನ್ನು ನಮ್ಮ ಮನೆತನದ ಹಳೆಯ ಕಡತವೆಂದೇ ಬಗೆದು ಬಿಚ್ಚಬೇಕು.

ಕೋಟೆಯ ಬಾಗಿಲು ತಟ್ಟಿದವರು ಮೊದಲೂ ಇದ್ದರು. 1837ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ವಿದ್ವತ್ಸಭೆಯ ಮುಂದೆ ಯಾನ್ ಪುರ್ಕಿನ್ಯೆ, ಕಿರುಮಿದುಳಿನಲ್ಲಿ ಸಾಲುಗಟ್ಟಿ ನಿಂತ ಹೂಜಿಯಾಕಾರದ ದೊಡ್ಡ ಕೋಶಗಳನ್ನು ವರ್ಣಿಸಿದ್ದ. ಇಂದಿಗೂ ಅವು ಅವನ ಹೆಸರನ್ನೇ ಬಿರುದಾಗಿ ಧರಿಸಿವೆ. ಆದರೆ ಹಸಿ ಮಿದುಳೆಂದರೆ ಬೆಣ್ಣೆಗಿಂತ ಮೆದು. ಅದನ್ನು ರಾಸಾಯನಿಕಗಳಲ್ಲಿ ಗಟ್ಟಿಗೊಳಿಸಿ, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಬೂದುಬಣ್ಣದ ಮಸುಕು, ಅಲ್ಲಲ್ಲಿ ತುಂಡಾದ ಎಳೆಗಳು, ಬುಡವಿಲ್ಲದ ಕೊಂಬೆಗಳು. ಬಾನ್ ನಗರದ ಓಟ್ಟೊ ಡೈಟರ್ಸ್ ಎಂಬ ತರುಣನು ಅಸಾಧಾರಣ ತಾಳ್ಮೆಯಿಂದ, ಗಟ್ಟಿಗೊಳಿಸಿದ ಬೆನ್ನುಹುರಿಯಿಂದ ಕೋಶಗಳನ್ನು ಸೂಜಿಮೊನೆಯಲ್ಲಿ ಒಂದೊಂದಾಗಿ ಬಿಡಿಸಿ ತೆಗೆದ. ಪ್ರತಿ ಕೋಶದಿಂದಲೂ ಎರಡು ಬಗೆಯ ಕವಲುಗಳು ಹೊರಡುವುದನ್ನು, ಅನೇಕ ಗಿಡ್ಡ ಕೊಂಬೆಗಳ ನಡುವೆ ಒಂದೇ ಒಂದು ನೀಳವಾದ, ನುಣುಪಾದ ಎಳೆ ಇರುವುದನ್ನು ಕಂಡ. ಕಂಡದ್ದನ್ನು ಅಚ್ಚಿಗೆ ಕೊಡುವ ಮೊದಲೇ, 1863ರಲ್ಲಿ, ತನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರಕ್ಕೆ ತುತ್ತಾದ. ಅವನ ಬರಹವನ್ನು ಎರಡು ವರ್ಷಗಳ ತರುವಾಯ ಮ್ಯಾಕ್ಸ್ ಶುಲ್ಟ್ಸೆ ಬೆಳಕಿಗೆ ತಂದ. ಡೈಟರ್ಸ್‌ಗೆ ಇನ್ನಿಪ್ಪತ್ತು ವರ್ಷ ಆಯುಷ್ಯವಿದ್ದಿದ್ದರೆ ಈ ಕಥೆಯ ನಾಯಕನೇ ಬೇರೆಯಾಗುತ್ತಿದ್ದನೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬರಿದಾದ ಆ ಪೀಠವನ್ನು ಎರ್ಲಾಂಗೆನ್ನಿನ ಯೋಸೆಫ್ ಗೆರ್ಲಾಖ್ ಏರಿದ. ಮಿದುಳಿನ ಎಳೆಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಮೀನುಗಾರನ ಬಲೆಯಂತೆ ಅಖಂಡವಾಗಿ ಹರಡಿವೆ, ಅಲ್ಲಿ ಬಿಡಿ ಪ್ರಜೆಯೆಂಬುವನೇ ಇಲ್ಲ ಎಂಬ ಅವನ ಜಾಲವಾದ 1870ರ ದಶಕದ ಆರಂಭದಲ್ಲಿ ಯುರೋಪಿನ ವಿದ್ಯಾಪೀಠಗಳನ್ನೆಲ್ಲ ಆಕ್ರಮಿಸಿತು.

ಇಂತಹ ಕಾಲದಲ್ಲಿ ವಿಧಿ ತನ್ನ ಅಸ್ತ್ರವನ್ನು ಎರಕ ಹೊಯ್ಯಲು ಆರಿಸಿಕೊಂಡ ಸ್ಥಳ ಒಂದು ಅಡುಗೆಮನೆ. ಇಟಲಿಯ ಮಿಲಾನ್ ನಗರದ ಸಮೀಪ ಅಬ್ಬಿಯಾತೆಗ್ರಾಸ್ಸೊ ಎಂಬ ಪುಟ್ಟ ಊರು. ಅಲ್ಲಿ ವಾಸಿಯಾಗದ ರೋಗಿಗಳನ್ನು ಇರಿಸುವ ಒಂದು ಧರ್ಮಸಂಸ್ಥೆ. 1872ರಲ್ಲಿ ಅದರ ಮುಖ್ಯ ವೈದ್ಯನಾಗಿ ಬಂದವನು ಲೊಂಬಾರ್ಡಿಯ ಬೆಟ್ಟಸೀಮೆಯ ಕೊರ್ತೆನೊ ಗ್ರಾಮದಲ್ಲಿ ಹುಟ್ಟಿದ ಕಮಿಲ್ಲೊ ಗಾಲ್ಗಿ. ಪಾವಿಯಾ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಗುರುಗಳ ಕೈಯಲ್ಲಿ ಪಳಗಿದ್ದ ಅವನಿಗೆ ಈ ಹುದ್ದೆ ಒಂದು ಬಗೆಯ ವನವಾಸವೇ. ಪ್ರಯೋಗಶಾಲೆಯಿಲ್ಲ, ಶಿಷ್ಯರಿಲ್ಲ, ಚರ್ಚಿಸಲು ಸಮಾನರಿಲ್ಲ. ಹಗಲು ರೋಗಿಗಳನ್ನು ನೋಡಿ, ರಾತ್ರಿ ಅಡುಗೆಮನೆಯನ್ನೇ ಪ್ರಯೋಗಶಾಲೆಯಾಗಿಸಿ, ದೀಪದ ಬೆಳಕಿನಲ್ಲಿ ಮಿದುಳಿನ ತುಣುಕುಗಳನ್ನು ಒಂದಾದ ಮೇಲೊಂದು ದ್ರಾವಣದಲ್ಲಿ ಅದ್ದುತ್ತ ಕುಳಿತ. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ದಿನಗಟ್ಟಲೆ ನೆನೆದು ಗಟ್ಟಿಯಾದ ತುಣುಕನ್ನು ಸಿಲ್ವರ್ ನೈಟ್ರೇಟಿಗೆ ಇಳಿಸಿದಾಗ, ಹಿಂದೆ ಯಾರೂ ಕಾಣದ ದೃಶ್ಯವೊಂದು ಮೂಡಿತು. ಹೊಂಬಣ್ಣದ ಬಯಲಿನಲ್ಲಿ ಕಾಡಿಗೆಯಿಂದ ಬರೆದಂತೆ ಒಂದೊಂದೇ ಕೋಶ, ಬುಡದಿಂದ ಹಿಡಿದು ಕಟ್ಟಕಡೆಯ ಕೊನರಿನವರೆಗೆ, ಸರ್ವಾಂಗ ಸಂಪೂರ್ಣವಾಗಿ ಎದ್ದು ನಿಂತಿತು. 1873ರ ಫೆಬ್ರವರಿಯಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ಈ ಹರ್ಷವನ್ನು ತೋಡಿಕೊಂಡ. ಅದೇ ವರ್ಷ ಇಟಲಿಯ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಅವನು ಅದಕ್ಕಿಟ್ಟ ಹೆಸರು ಕಪ್ಪು ಪ್ರತಿಕ್ರಿಯೆ. ಅದರ ಮಹಿಮೆ ಅದರ ಜಿಪುಣತನದಲ್ಲೇ ಅಡಗಿತ್ತು. ಬೆಳ್ಳಿ ಎಲ್ಲ ಕೋಶಗಳಿಗೂ ಅಂಟಿದ್ದರೆ ಕಾಣುತ್ತಿದ್ದುದು ಕಗ್ಗತ್ತಲೆ. ನೂರರಲ್ಲಿ ಕೆಲವೇ ಕೋಶಗಳನ್ನು ಅದು ಆಯ್ದುಕೊಳ್ಳುತ್ತದೆ, ಉಳಿದವುಗಳನ್ನು ಪಾರದರ್ಶಕವಾಗಿ ಬಿಟ್ಟುಬಿಡುತ್ತದೆ. ಆಯ್ಕೆಯ ಮರ್ಮವನ್ನು ರಸಾಯನಶಾಸ್ತ್ರ ಇಂದಿಗೂ ಪೂರ್ಣವಾಗಿ ಬಿಡಿಸಿಲ್ಲ.

ಅಸ್ತ್ರವನ್ನು ಮಾಡಿದವನು ಅದರಿಂದ ಏನನ್ನು ಕಂಡ ಎಂಬುದೇ ಈ ಚರಿತ್ರೆಯ ದುರಂತ. ಬಿಡಿಬಿಡಿಯಾಗಿ ನಿಂತ ಕೋಶಗಳನ್ನು ಜಗತ್ತಿನಲ್ಲಿ ಮೊದಲು ನೋಡಿದ ಗಾಲ್ಗಿ, ಅವು ಬಿಡಿಯಲ್ಲವೆಂದೇ ಕಡೆಯವರೆಗೂ ಸಾಧಿಸಿದ. ಗಿಡ್ಡ ಕೊಂಬೆಗಳು ರಕ್ತನಾಳಗಳಿಂದ ಆಹಾರ ಹೀರುವ ಬೇರುಗಳೆಂದ. ನೀಳವಾದ ಎಳೆಗಳು ಕವಲೊಡೆದು ಒಂದರೊಳಗೊಂದು ಕಲೆತು ಮಹಾಜಾಲವಾಗುತ್ತವೆಂದ. ಮಿದುಳು ದುಡಿಯುವುದು ಆ ಜಾಲದ ಅಖಂಡ ಶಕ್ತಿಯಿಂದಲೇ ಎಂದ. ಗೆರ್ಲಾಖನ ಬಲೆಯನ್ನು ಅವನು ಹರಿದದ್ದು ನಿಜ, ಆದರೆ ಅದರ ಜಾಗದಲ್ಲಿ ತನ್ನದೊಂದು ಬಲೆಯನ್ನು ನೇಯ್ದ. ಗಾಲ್ಗಿಗೆ ಹದಿನಾರು ತುಂಬುವ ಹೊತ್ತಿಗೆ ಲೊಂಬಾರ್ಡಿ ಆಸ್ಟ್ರಿಯಾದ ಹಿಡಿತದಿಂದ ಬಿಡಿಸಿಕೊಂಡಿತ್ತು; ಹದಿನೇಳು ತುಂಬಿ ಹದಿನೆಂಟಕ್ಕೆ ಕಾಲಿಡುವ ಮುನ್ನವೇ, 1861ರಲ್ಲಿ, ಚೂರುಚೂರಾಗಿದ್ದ ಇಟಲಿ ಒಂದೇ ರಾಜ್ಯವಾಗಿ ಘೋಷಿತವಾಗಿತ್ತು. ಏಕೀಕರಣದ ಆ ತಲೆಮಾರಿನ ಮಗನಿಗೆ ಮಿದುಳೂ ಏಕೀಕೃತವಾಗಿಯೇ ಕಂಡದ್ದು ಕೇವಲ ಕಾಕತಾಳೀಯವಿರಬಹುದು. ನಾಡು ಒಂದಾಗುವುದಕ್ಕೆ ಹೋರಾಡಿದವರ ಮಕ್ಕಳಾದ ಕನ್ನಡಿಗರು ಆ ಮೋಹವನ್ನು ಅಷ್ಟು ಸುಲಭವಾಗಿ ಹಳಿಯಲಾರೆವು.

ಈಗ ದೃಷ್ಟಿಯನ್ನು ಪಶ್ಚಿಮಕ್ಕೆ, ಅವಸಾನದಲ್ಲಿದ್ದ ಒಂದು ಮಹಾಸಾಮ್ರಾಜ್ಯದ ಕಡೆಗೆ ತಿರುಗಿಸಬೇಕು. ಒಂದು ಕಾಲಕ್ಕೆ ಸಮುದ್ರಗಳನ್ನೇ ಆಳಿದ ಸ್ಪೇನ್, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಕ್ಯೂಬಾ, ಫಿಲಿಪೀನ್ಸ್‌ಗಳಂತಹ ಕೊನೆಯ ದ್ವೀಪಗಳನ್ನು ಬಿಗಿಹಿಡಿದು ಏದುಸಿರು ಬಿಡುತ್ತಿತ್ತು. 1852ರಲ್ಲಿ ಪೆತಿಯಾ ದೆ ಅರಗೋನ್ ಎಂಬ ಗುಡ್ಡದೂರಿನಲ್ಲಿ ಸಾಂತಿಯಾಗೊ ರಾಮೋನ್ ಈ ಕಹಾಲ್ ಹುಟ್ಟಿದ. ತಂದೆ ಹಸ್ತಕೌಶಲದ ಶಸ್ತ್ರವೈದ್ಯ, ಹಟಮಾರಿ. ಮಗ ಅವನಿಗಿಂತ ಹಟಮಾರಿ. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಅವನ ಪ್ರತಿಭೆಯ ಬೆಲೆ ಕಟ್ಟಲು ತಂದೆ ಕರೆದದ್ದು ಗೋಡೆಗೆ ಸುಣ್ಣ ಬಳಿಯಲು ಊರಿಗೆ ಬಂದಿದ್ದ ಒಬ್ಬ ಕೆಲಸಗಾರನನ್ನು! ಇವನಿಗೆ ಕೈಯಿಲ್ಲ ಎಂದು ಆ ಪರೀಕ್ಷಕನು ತೀರ್ಪಿತ್ತ. ಸ್ವಂತವಾಗಿ ಫಿರಂಗಿ ತಯಾರಿಸಿ ನೆರೆಯವರ ಬಾಗಿಲನ್ನು ಹಾರಿಸಿ ಸೆರೆಮನೆ ಕಂಡವನು, ಕ್ಷೌರಿಕನ ಬಳಿ, ಚಮ್ಮಾರನ ಬಳಿ ದುಡಿಮೆಗೆ ಕುಳಿತವನು, ಕೊನೆಗೆ ಅಂಗರಚನಾಶಾಸ್ತ್ರದ ದಾರಿಗೆ ಬಿದ್ದದ್ದು ತಂದೆ ಹಾಳು ಸ್ಮಶಾನದಿಂದ ಮೂಳೆಗಳನ್ನು ಆಯ್ದುತಂದು ಮುಂದೆ ಹರವಿದಾಗ. ಮೂಳೆಯನ್ನು ಬರೆಯುವುದೂ ಚಿತ್ರಕಲೆಯೇ ಎಂದು ಹುಡುಗನಿಗೆ ಹೊಳೆಯಿತು. 1874ರಲ್ಲಿ ಸೇನಾವೈದ್ಯನಾಗಿ ಕ್ಯೂಬಾಕ್ಕೆ ಹೋದ ಕಹಾಲ್ ಅಲ್ಲಿ ಕಂಡದ್ದು ಜೌಗುನೆಲದಲ್ಲಿ ಕೊಳೆಯುತ್ತಿದ್ದ ಸಾಮ್ರಾಜ್ಯವನ್ನು. ಮರುವರ್ಷ ಮಲೇರಿಯಾದಿಂದ ಜರ್ಜರಿತನಾಗಿ ಮರಳಿದ. ಸೇನೆಯಿಂದ ಬಂದ ಸಂಬಳದ ಬಾಕಿಯಲ್ಲಿ ಅವನು ಕೊಂಡದ್ದು ಸೂಕ್ಷ್ಮದರ್ಶಕ. 1885ರಲ್ಲಿ ವೆಲೆನ್ಸಿಯಾ ಸೀಮೆಯನ್ನು ಕಾಲರಾ ಆವರಿಸಿದಾಗ ಅವನು ನಡೆಸಿದ ಅಧ್ಯಯನಕ್ಕೆ ಮೆಚ್ಚಿ ಸರಗೋಸಾ ಪ್ರಾಂತದ ಆಡಳಿತ ಇನಾಮಾಗಿ ಕೊಟ್ಟದ್ದೂ ಸೂಕ್ಷ್ಮದರ್ಶಕವನ್ನೇ, ಜರ್ಮನಿಯ ಝೈಸ್ ಕಂಪನಿಯ ಉತ್ಕೃಷ್ಟ ಉಪಕರಣವನ್ನು. ರಾಜರು ಕೊಟ್ಟ ಖಡ್ಗಗಳ ಕಥೆ ಬಲ್ಲೆವು. ಇದರಷ್ಟು ಸಾರ್ಥಕವಾದ ಖಡ್ಗದಾನ ಅವುಗಳಲ್ಲಿ ಎಷ್ಟಿದ್ದಾವು?

1887ರಲ್ಲಿ ಮ್ಯಾಡ್ರಿಡ್ಡಿನ ಲೂಯಿಸ್ ಸಿಮಾರ್ರೊ ಎಂಬ ಮನೋವೈದ್ಯನ ಮನೆಯಲ್ಲಿ ಕಹಾಲ್ ಮೊದಲ ಬಾರಿಗೆ ಗಾಲ್ಗಿಯ ಬೆಳ್ಳಿಲೇಪದ ಗಾಜುಗಳನ್ನು ನೋಡಿದ. ಆ ವಿಧಾನ ಹುಟ್ಟಿ ಹದಿನಾಲ್ಕು ವರ್ಷಗಳಾಗಿದ್ದವು. ಬೆಳ್ಳಿಯ ಚಂಚಲ ಸ್ವಭಾವಕ್ಕೆ ಬೇಸತ್ತು ಯುರೋಪಿನ ಬಹುತೇಕ ಪಂಡಿತರು ಅದನ್ನು ಮೂಲೆಗೆ ತಳ್ಳಿದ್ದರು. ಕಹಾಲ್ ಬಿಡಲಿಲ್ಲ. ಲೇಪವನ್ನು ಒಂದರ ಬದಲು ಎರಡು ಮೂರು ಸಲ ಮಾಡಿದ, ತುಣುಕನ್ನು ದಪ್ಪವಾಗಿ ಸೀಳಿದ. ಅವನ ನಿಜವಾದ ಯುದ್ಧತಂತ್ರ ಇವೆರಡೂ ಅಲ್ಲ. ಪ್ರಾಯಕ್ಕೆ ಬಂದ ಪ್ರಾಣಿಯ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುತ್ತದೆ. ಬೆಳ್ಳಿ ಅದನ್ನು ಭೇದಿಸಲಾರದು. ಹಾಗಾದರೆ ಆ ಹೊದಿಕೆ ಇನ್ನೂ ಮೂಡದ ಭ್ರೂಣಗಳನ್ನು, ಎಳೆಯ ಮರಿಗಳನ್ನು ನೋಡಿದರಾಯಿತು. ದಟ್ಟಡವಿಯ ಮರಗಳನ್ನು ಎಣಿಸಲಾಗದವನು ಸಸಿಗಳ ತೋಪಿಗೆ ಹೋದಂತೆ. (ಈ ಮಯಲಿನ್ನನ್ನು ನೆನಪಿನಲ್ಲಿಡಿ, ಮುಂದೆ ಅದು ಕಹಾಲನ ಮೇಲೆ ಸೇಡು ತೀರಿಸಿಕೊಳ್ಳಲಿದೆ.) 1888ರಲ್ಲಿ ಬಾರ್ಸಿಲೋನಾದಲ್ಲಿ ಹಕ್ಕಿಯ ಕಿರುಮಿದುಳನ್ನು ಪರೀಕ್ಷಿಸುತ್ತ, ಒಂದು ಜಾತಿಯ ಕೋಶದ ಎಳೆಗಳು ಪುರ್ಕಿನ್ಯೆ ಕೋಶದ ಒಡಲನ್ನು ಬುಟ್ಟಿಯಂತೆ ತಬ್ಬಿಕೊಂಡು, ಅಲ್ಲಿಗೇ ಮುಗಿದುಬಿಡುವುದನ್ನು ಕಂಡ. ತಬ್ಬುತ್ತವೆ, ಬೆಸೆಯುವುದಿಲ್ಲ. ಬಲೆಯಿಲ್ಲ, ಪ್ರಜೆಗಳಿದ್ದಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಬರೆದದ್ದನ್ನು ಓದುವವರು ಯಾರೆಂದು, ತನ್ನ ಖರ್ಚಿನಲ್ಲೇ ಪತ್ರಿಕೆಯೊಂದನ್ನು ಹೊರಡಿಸಿ, ಅಚ್ಚಾದ ಅರವತ್ತು ಪ್ರತಿಗಳಲ್ಲಿ ಹೆಚ್ಚಿನವನ್ನು ಹೊರದೇಶದ ಪಂಡಿತರಿಗೆ ಕಳುಹಿಸಿದ. ಉತ್ತರ ಬರಲಿಲ್ಲ. 1889ರ ಅಕ್ಟೋಬರಿನಲ್ಲಿ ಉಳಿತಾಯದ ಹಣ ಕೂಡಿಸಿ, ಗಾಜುಗಳ ಪೆಟ್ಟಿಗೆ ಹಿಡಿದು ಬರ್ಲಿನ್ನಿನ ಅಂಗರಚನಾಶಾಸ್ತ್ರ ಸಮ್ಮೇಳನಕ್ಕೇ ಹೊರಟ. ಹರಕುಮುರುಕು ಫ್ರೆಂಚ್ ಮಾತನಾಡುವ ಅನಾಮಧೇಯ ಸ್ಪೇನಿನವನ ಮೇಜಿನ ಬಳಿ ಮೊದಲು ಯಾರೂ ನಿಲ್ಲಲಿಲ್ಲ. ಕೊನೆಗೆ ಆಲ್ಬರ್ಟ್ ಕೋಲಿಕರ್ ಎಂಬ ವೃದ್ಧ ಚಕ್ರವರ್ತಿ, ಜರ್ಮನ್ ಅಂಗರಚನಾಶಾಸ್ತ್ರದ ಹಿರಿಯ, ಬಾಗಿ ಗಾಜಿನೊಳಗೆ ಕಣ್ಣಿಟ್ಟ. ಅದುವರೆಗೆ ಜಾಲವಾದದ ಪಾಳೆಯದಲ್ಲಿದ್ದ ಎಪ್ಪತ್ತೆರಡರ ಆ ವೃದ್ಧನು, ತಾನು ನಂಬಿದ್ದು ತಪ್ಪೆಂದು ಒಪ್ಪಿ, ಕಹಾಲನನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಊಟಕ್ಕಿಟ್ಟ. ಈ ಇಡೀ ಚರಿತ್ರೆಯಲ್ಲಿ ನನ್ನ ಗೌರವ ಅತಿ ಹೆಚ್ಚು ಸಲ್ಲುವುದು ಆ ವೃದ್ಧನಿಗೆ.

ಆಮೇಲಿನದು ದಿಗ್ವಿಜಯ. ಸ್ವಿಟ್ಜರ್ಲೆಂಡಿನ ವಿಲ್ಹೆಲ್ಮ್ ಹಿಸ್ ಮತ್ತು ಆಗಸ್ಟ್ ಫೊರೆಲ್ ಬೇರೆ ದಾರಿಗಳಿಂದ ಇದೇ ತೀರ್ಮಾನದ ಬಳಿ ಬಂದಿದ್ದರು. ಮುಂದೆ ಉತ್ತರಧ್ರುವದ ಹಿಮದಲ್ಲಿ ಹಡಗು ನಡೆಸಿ ಕೀರ್ತಿವಂತನಾದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಕೂಡ ತನ್ನ ತಾರುಣ್ಯದಲ್ಲಿ ಹೀಗೇ ಬರೆದಿದ್ದ. 1891ರಲ್ಲಿ ಬರ್ಲಿನ್ನಿನ ವಿಲ್ಹೆಲ್ಮ್ ವಾಲ್ಡೆಯರ್ ಈ ಪ್ರಜೆಗೆ ನ್ಯೂರಾನ್ ಎಂಬ ಹೆಸರಿತ್ತ. ತಾನೊಂದು ಪ್ರಯೋಗವನ್ನೂ ಮಾಡದೆ ನಾಮಕರಣದಿಂದಲೇ ಅಮರನಾದ ಅದೃಷ್ಟಶಾಲಿ ಅವನು. ಗಿಡ್ಡ ಕೊಂಬೆಗಳು ಡೆಂಡ್ರೈಟ್ ಎನಿಸಿಕೊಂಡವು, ನೀಳವಾದ ಎಳೆಗೆ ಕೋಲಿಕರ್ 1896ರಲ್ಲಿ ಆಕ್ಸಾನ್ ಎಂದ, ಕೋಶಕ್ಕೂ ಕೋಶಕ್ಕೂ ನಡುವಿನ ಸಂಧಿಗೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1897ರಲ್ಲಿ ಸಿನಾಪ್ಸ್ ಎಂದ. ಕಹಾಲ್ ಈ ರಾಜ್ಯಕ್ಕೆ ಆಡಳಿತಸೂತ್ರವನ್ನೂ ಬರೆದುಕೊಟ್ಟ: ಸುದ್ದಿ ಡೆಂಡ್ರೈಟುಗಳಿಂದ ಒಳಬರುತ್ತದೆ, ಕೋಶದ ಒಡಲನ್ನು ದಾಟುತ್ತದೆ, ಆಕ್ಸಾನಿನಲ್ಲಿ ಹೊರಹೋಗುತ್ತದೆ, ಎಂದೂ ಹಿಮ್ಮುಖವಾಗಿ ನಡೆಯುವುದಿಲ್ಲ. ಗಾಲ್ಗಿ ಬೇರುಗಳೆಂದದ್ದು ವಾಸ್ತವವಾಗಿ ಅರ್ಜಿ ಸ್ವೀಕರಿಸುವ ಕೈಗಳಾಗಿದ್ದವು. ಒಂದು ಪುರ್ಕಿನ್ಯೆ ಕೋಶಕ್ಕೆ ಲಕ್ಷಕ್ಕೂ ಮೇಲ್ಪಟ್ಟ ಸಂಧಿಗಳಿಂದ ಅರ್ಜಿಗಳು ಬರುತ್ತವೆ. ಕೆಲವು ಪ್ರಚೋದಿಸುತ್ತವೆ, ಕೆಲವು ತಡೆಯುತ್ತವೆ. ಎಲ್ಲವನ್ನೂ ಕೂಡಿ ಕಳೆದ ಮೊತ್ತ ಒಂದು ಮಿತಿಯನ್ನು ದಾಟಿದರೆ ಸೋಡಿಯಂ ಅಯಾನುಗಳು ಒಳನುಗ್ಗಿ, ಪೊಟ್ಯಾಸಿಯಂ ಹೊರಚಿಮ್ಮಿ, ಒಂದು ವಿದ್ಯುತ್ ಅಲೆ ಆಕ್ಸಾನಿನುದ್ದಕ್ಕೂ ಓಡುತ್ತದೆ, ದಾಟದಿದ್ದರೆ ಮೌನ. ಅರ್ಧ ಆಜ್ಞೆಯೆಂಬುದು ಆ ರಾಜ್ಯದಲ್ಲಿಲ್ಲ. ಬೆನ್ನುಹುರಿಯ ಬುಡದಲ್ಲಿ ಕುಳಿತ ಒಂದು ಕೋಶ ಕಾಲ ಹೆಬ್ಬೆರಳನ್ನು ಅಲುಗಿಸಲು ಒಂದು ಮೀಟರ್‌ನಷ್ಟು ಉದ್ದದ ಆಕ್ಸಾನನ್ನು ಚಾಚುತ್ತದೆ. ತುದಿ ಮುಟ್ಟಿದ ಅಲೆ ಅಲ್ಲಿ ರಾಸಾಯನಿಕವೊಂದನ್ನು ಚೆಲ್ಲುತ್ತದೆ. 1921ರಲ್ಲಿ ಒಟ್ಟೊ ಲೇವಿ ಎರಡು ಕಪ್ಪೆಗಳ ಹೃದಯಗಳಿಂದ ನರವು ರಾಸಾಯನಿಕದ ಮೂಲಕ ಮಾತನಾಡುವುದನ್ನು ತೋರಿಸಿದ. ಆ ಗಡಿಯ ಕಂದರದ ಅಗಲ ಸುಮಾರು 20 ನ್ಯಾನೋಮೀಟರ್ ಮಾತ್ರ. ಕಹಾಲನ ಸೂಕ್ಷ್ಮದರ್ಶಕಕ್ಕೆ ಅದು ಕಾಣಲು ಸಾಧ್ಯವೇ ಇರಲಿಲ್ಲ. ಕಾಣದ ಗಡಿಯ ಮೇಲೆ ಪಣವೊಡ್ಡಿ ಅವನು ರಾಜ್ಯ ಗೆದ್ದ. ಆ ಗಡಿಯನ್ನು ಕಣ್ಣಾರೆ ಕಂಡು ಸಾಕ್ಷಿ ಹೇಳಲು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬರಬೇಕಾಯಿತು.

1898ರಲ್ಲಿ ಸ್ಪೇನ್ ಅಮೆರಿಕೆಯ ಕೈಯಲ್ಲಿ ಸೋತು ಕ್ಯೂಬಾವನ್ನೂ ಫಿಲಿಪೀನ್ಸನ್ನೂ ಕಳೆದುಕೊಂಡಿತು. ನಾಲ್ಕು ಶತಮಾನಗಳ ವೈಭವ ಕೆಲವೇ ತಿಂಗಳುಗಳಲ್ಲಿ ನೆಲಕಚ್ಚಿದಾಗ, ಆ ನಾಡಿನವರು ತಲೆಯೆತ್ತಿ ತೋರಿಸಬಹುದಾಗಿದ್ದ ಹೆಸರುಗಳಲ್ಲಿ ಈ ಸೂಕ್ಷ್ಮದರ್ಶಕದ ಯೋಧನದ್ದೂ ಒಂದು. ಎಂಟು ವರ್ಷಗಳ ತರುವಾಯ, 1906ರ ಡಿಸೆಂಬರಿನ ಹಿಮದಲ್ಲಿ, ಸ್ಟಾಕ್‌ಹೋಮ್ ನಗರದಲ್ಲಿ ನರಮಂಡಲದ ರಚನೆಯನ್ನು ಬೆಳಗಿದವರಿಗೆ ನೊಬೆಲ್ ಪಾರಿತೋಷಕ ಪ್ರದಾನವಾಯಿತು. ಪೀಠ ಒಂದು, ಅರಸರು ಇಬ್ಬರು: ಅಸ್ತ್ರವನ್ನು ಮಾಡಿದ ಗಾಲ್ಗಿ ಮತ್ತು ಅದರಿಂದ ಗಾಲ್ಗಿಯ ರಾಜ್ಯವನ್ನೇ ಗೆದ್ದ ಕಹಾಲ್. ಅದುವರೆಗೆ ಇಬ್ಬರೂ ಮುಖಾಮುಖಿಯಾದವರಲ್ಲ. ಬರ್ಲಿನ್ನಿನ ದಂಡಯಾತ್ರೆ ಮುಗಿಸಿ ಮರಳುವಾಗ ಕಹಾಲ್ ಪಾವಿಯಾಕ್ಕೆ ಹೋಗಿದ್ದನಾದರೂ ಗಾಲ್ಗಿ ಊರಲ್ಲಿರಲಿಲ್ಲ. ಡಿಸೆಂಬರ್ 11ರಂದು ಗಾಲ್ಗಿ ಉಪನ್ಯಾಸಕ್ಕೆ ನಿಂತ. ಪ್ರಶಸ್ತಿಯ ವೇದಿಕೆಯಲ್ಲಿ ಸೌಜನ್ಯದ ಮಾತು ನಿರೀಕ್ಷಿಸಿದ್ದ ಸಭೆಯ ಮುಂದೆ, ನ್ಯೂರಾನ್ ಸಿದ್ಧಾಂತ ಅಸ್ತಮಿಸುತ್ತಿದೆಯೆಂದು ಸಾರಿ, ತನ್ನ ಮಹಾಜಾಲವನ್ನು ಮತ್ತೆ ಹರವಿದ. ಮರುದಿನ ಅದೇ ವೇದಿಕೆಯಿಂದ ಕಹಾಲ್, ನಡುಗುವ ಸಿಟ್ಟನ್ನು ನುಂಗಿಕೊಂಡು, ತನ್ನ ಪ್ರಜೆಗಳ ಪರವಾಗಿ ಮಾತನಾಡಿದ. ಗಾಲ್ಗಿಯನ್ನು ಹಠಮಾರಿಯೆಂದು ನಗುವುದು ಈಗ ವಾಡಿಕೆಯಾಗಿದೆ. ನನಗೆ ಆ ನಗು ರುಚಿಸುವುದಿಲ್ಲ. ಮಲೇರಿಯಾದ ಜ್ವರಚಕ್ರವನ್ನು ಬಿಡಿಸಿದವನು, ಪ್ರತಿ ಕೋಶದೊಳಗಿನ ಗಾಲ್ಗಿ ಕಾಯವನ್ನು ಕಂಡುಕೊಟ್ಟವನು ದಡ್ಡನಾಗಿರಲಿಲ್ಲ. ತಾನು ಕಟ್ಟಿದ ಕೋಟೆ ತನ್ನ ಆಯುಧದಿಂದಲೇ ಬಿದ್ದಾಗ ಕೋಟೆಯೊಳಗೇ ಉಳಿದುಕೊಂಡ, ಅಷ್ಟೆ. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ ಊರಿನಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯ, ಸ್ಮೃತಿಭ್ರಂಶದಿಂದ ತೀರಿಹೋದ ಹೆಂಗಸೊಬ್ಬಳ ಮಿದುಳನ್ನು ಬೆಳ್ಳಿಯಲ್ಲಿ ಅದ್ದಿ ತೆಗೆದು, ಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳನ್ನು ತೋರಿಸಿದ್ದ. ಚಪ್ಪಾಳೆ ಬೀಳಲಿಲ್ಲ, ಪ್ರಶ್ನೆಗಳೂ ಬರಲಿಲ್ಲ. ಮುಂದಿನ ಶತಮಾನದ ಮನೆಮನೆಯ ವ್ಯಥೆ ಹಾಗೆ ಸದ್ದಿಲ್ಲದೆ ದಾಖಲಾಯಿತು.

ಗೆದ್ದ ರಾಜನ ಆಸ್ಥಾನದಲ್ಲೂ ಬಾಗಿಲಾಚೆ ನಿಂತವರಿರುತ್ತಾರೆ. ಮಿದುಳಿನಲ್ಲಿ ನರಕೋಶಗಳಲ್ಲದ ಕೋಶಗಳೂ ಅಪಾರ. 1850ರ ದಶಕದಲ್ಲಿ ರುಡಾಲ್ಫ್ ವಿರ್ಖೋ ಅವನ್ನೆಲ್ಲ ನ್ಯೂರೋಗ್ಲಿಯಾ, ಅಂದರೆ ನರಗಳ ಗೋಂದು ಎಂದು ಕರೆದುಬಿಟ್ಟಿದ್ದ. ಗೋಂದಿಗೆ ಕಥೆಯುಂಟೆ, ಕುಲವುಂಟೆ! ಆದರೂ ನಕ್ಷತ್ರದಂತೆ ಕಾಲುಚಾಚಿದ ಅಸ್ಟ್ರೋಸೈಟ್ ಕೋಶಗಳನ್ನು ಪಂಡಿತರು ಬೇರ್ಪಡಿಸಿದರು. 1913ರಲ್ಲಿ ಕಹಾಲ್ ಚಿನ್ನದ ಲೇಪವೊಂದನ್ನು ಕಂಡುಹಿಡಿದು ಅವುಗಳನ್ನು ರಮಣೀಯವಾಗಿ ಬೆಳಗಿದ. ಉಳಿದದ್ದು ಸಣ್ಣಪುಟ್ಟ ದುಂಡು ಕೋಶಗಳ ಗುಂಪು. ಚಿನ್ನಕ್ಕೂ ಅವು ಕೈ ಕಾಲು ತೋರಲಿಲ್ಲ. ಅವಕ್ಕೆ ಕವಲುಗಳೇ ಇಲ್ಲವೆಂದು ತೀರ್ಮಾನಿಸಿ ಕಹಾಲ್ ಮೂರನೆಯ ಅಂಶವೆಂದು ಹೆಸರಿಟ್ಟು ಮುಂದೆ ಸಾಗಿದ. ಅದೇ ಮ್ಯಾಡ್ರಿಡ್ಡಿನಲ್ಲಿ, ಅವನದೇ ಕೈಕೆಳಗೆ ದುಡಿಯುತ್ತಿದ್ದ ಪೀಯೊ ದೆಲ್ ರೀಯೊ ಓರ್ತೆಗಾ ಎಂಬವನು 1918ರಲ್ಲಿ ಸಿಲ್ವರ್ ಕಾರ್ಬೊನೇಟಿನ ಹೊಸ ಲೇಪವನ್ನು ಸಿದ್ಧಪಡಿಸಿದ. ಮತ್ತೆ ಬೆಳ್ಳಿ! 1919ರಲ್ಲಿ ಆ ದುಂಡುಕೋಶಗಳ ಒಂದು ಪಂಗಡ ಮುಳ್ಳುಗೈಗಳನ್ನು ಚಾಚಿ ನಿಂತಿತು. ಅವು ಮಿದುಳಿನ ಮೂಲನಿವಾಸಿಗಳಲ್ಲ, ಭ್ರೂಣದ ಬೇರೆ ಪದರದಿಂದ ವಲಸೆ ಬಂದವು, ಗಾಯವಾದಲ್ಲಿಗೆ ಧಾವಿಸಿ ಸತ್ತದ್ದನ್ನು ನುಂಗುವ ಕಾವಲುಗಾರರು ಎಂದು ವಿವರಿಸಿ ಅವಕ್ಕೆ ಮೈಕ್ರೋಗ್ಲಿಯಾ ಎಂದ. 1921ರಲ್ಲಿ ಇನ್ನೊಂದು ಪಂಗಡವನ್ನು ಕಂಡು, ಕೊಂಬೆಗಳು ಕಡಿಮೆಯೆಂದು ಆಲಿಗೋಡೆಂಡ್ರೋಗ್ಲಿಯಾ ಎಂದು ಹೆಸರಿಸಿದ. ಅರವತ್ತೆಂಟರ ಕಹಾಲ್ ಒಪ್ಪಲಿಲ್ಲ. 1920ರಲ್ಲಿ ಶಿಷ್ಯನ ಶೋಧದ ಮೇಲೆಯೇ ಲೇಖನವೊಂದನ್ನು ಬರೆದು, ಅದರ ಕೀರ್ತಿಯ ಮೊದಲ ಪಾಲು ಸ್ಕಾಟ್ಲೆಂಡಿನ ರಾಬರ್ಟ್‌ಸನ್ನನದೆಂದ. ಪ್ರಯೋಗಶಾಲೆಯ ಜಗಳಗಳು ಇದಕ್ಕೆ ಉಪ್ಪು ಖಾರ ಸೇರಿಸಿದವು. ಅದೇ ವರ್ಷ ಓರ್ತೆಗಾ ಹೊರಬೀಳಬೇಕಾಯಿತು. ಅವನಿಗೆ ನೆಲೆ ಸಿಕ್ಕಿದ್ದು ಮ್ಯಾಡ್ರಿಡ್ಡಿನ ವಿದ್ಯಾರ್ಥಿ ನಿವಾಸವೊಂದರಲ್ಲಿ. ಕವಿ ಲೋರ್ಕಾ, ಚಿತ್ರಕಾರ ದಾಲಿಯಂತಹ ಹುಡುಗರು ಆ ವರ್ಷಗಳಲ್ಲಿ ಅಲ್ಲಿ ವಾಸವಿದ್ದರು. ಓರ್ತೆಗಾ ಕಂಡ ಆಲಿಗೋಡೆಂಡ್ರೋಗ್ಲಿಯಾದ ಕಸುಬೇನು? ಆಕ್ಸಾನುಗಳಿಗೆ ಮಯಲಿನ್ ಸುತ್ತುವುದು. ಯಾವ ಹೊದಿಕೆಯನ್ನು ಬಳಸಿಕೊಂಡು ಹೋಗಿ ಕಹಾಲ್ ತನ್ನ ಯುದ್ಧ ಗೆದ್ದನೋ, ಆ ಹೊದಿಕೆಯನ್ನು ನೇಯುವ ಕೈಗಳನ್ನೇ ಅವನು ಕಾಣಲೊಲ್ಲದೆ ಹೋದ. 1906ರಲ್ಲಿ ಗಾಲ್ಗಿ ಕುಳಿತಿದ್ದ ಆಸನದಲ್ಲಿ 1920ರಲ್ಲಿ ಕಹಾಲ್ ಕುಳಿತಿದ್ದ.

1924ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ತರುಣ ಶಸ್ತ್ರವೈದ್ಯನು ಅಟ್ಲಾಂಟಿಕ್ ದಾಟಿ ಓರ್ತೆಗಾನ ಬಳಿ ಶಿಷ್ಯವೃತ್ತಿಗೆ ಬಂದು, ಆಲಿಗೋಡೆಂಡ್ರೋಗ್ಲಿಯಾ ನಿಜವೆಂದು ದೃಢಪಡಿಸಿ ಬರೆದಮೇಲೆ ಹೊರಜಗತ್ತು ನಿಧಾನವಾಗಿ ತಲೆದೂಗಿತು. ಗೋಂದೆನಿಸಿಕೊಂಡವರು ಇಂದು ಆ ರಾಜ್ಯದ ಆಡಳಿತವನ್ನೇ ಹೊತ್ತವರೆಂದು ತಿಳಿದಿದೆ. ಮನುಷ್ಯನ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಉಳಿದ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ. ಅಸ್ಟ್ರೋಸೈಟುಗಳು ಒಂದು ಪಾದವನ್ನು ರಕ್ತನಾಳದ ಮೇಲೂ ಇನ್ನೊಂದು ಕೈಯನ್ನು ಸಿನಾಪ್ಸಿನ ಮೇಲೂ ಇಟ್ಟು, ಉಗ್ರಾಣದವನಂತೆ ಆಹಾರ ಒದಗಿಸುತ್ತವೆ, ಚೆಲ್ಲಿದ ರಾಸಾಯನಿಕವನ್ನು ಹೀರಿ ಗಡಿಯನ್ನು ಶುಚಿಯಾಗಿಡುತ್ತವೆ. ಮಯಲಿನ್ ಇಲ್ಲದ ತೆಳು ತಂತುವಿನಲ್ಲಿ ಸುದ್ದಿ ಸೆಕೆಂಡಿಗೆ ಒಂದೆರಡು ಮೀಟರ್ ತೆವಳಿದರೆ, ದಪ್ಪನೆಯ ಮಯಲಿನ್ ಹೊದ್ದ ತಂತುವಿನಲ್ಲಿ ನೂರು ಮೀಟರ್ ದಾಟಿ ಜಿಗಿಯುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗದಲ್ಲಿ ಈ ಹೊದಿಕೆ ಹರಿದು ರಾಜಾಜ್ಞೆಗಳು ದಾರಿಯಲ್ಲೇ ಮುಗ್ಗರಿಸುತ್ತವೆ. ಮಿದುಳಿನ ಒಳಗೋಣೆಗಳ ಗೋಡೆಗೆ ಅಂಟಿಕೊಂಡ ಎಪೆಂಡೈಮಾ ಕೋಶಗಳು, ಕೆರೆಯ ತೂಬು ಕಾಯುವ ನೀರಗಂಟಿಗಳಂತೆ, ತಮ್ಮ ರೋಮಗಳನ್ನು ಬೀಸುತ್ತ ಮಿದುಳಿನ ದ್ರವವನ್ನು ಹರಿಯಿಸುತ್ತವೆ. ಆ ದ್ರವ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಒಸರುತ್ತದೆ. ಸೋತ ಗಾಲ್ಗಿಗೂ ಕಾಲ ಒಂದು ಜಹಗೀರು ಬಿಟ್ಟುಕೊಟ್ಟಿತು. 1950ರ ದಶಕದ ಕೊನೆಯಲ್ಲಿ ಸೀಗಡಿಯ ಬಂಧುವಾದ ಕ್ರೇಫಿಶ್ ಜೀವಿಯ ನರಗಳಲ್ಲಿ, ರಾಸಾಯನಿಕದ ನೆರವಿಲ್ಲದೆ ವಿದ್ಯುತ್ತೇ ನೇರವಾಗಿ ಕೋಶದಿಂದ ಕೋಶಕ್ಕೆ ದಾಟುವ ಸಂಧಿಗಳು ಸಿಕ್ಕವು. ಅಂಥವು ನಮ್ಮ ಮಿದುಳಿನಲ್ಲೂ ಇವೆ. ಅಸ್ಟ್ರೋಸೈಟುಗಳಂತೂ ಇಂತಹ ಕಿರುದ್ವಾರಗಳ ಮೂಲಕ ಒಂದಕ್ಕೊಂದು ಕೈಹಿಡಿದು ದೊಡ್ಡ ಜಾಲವಾಗಿಯೇ ಹರಡಿವೆ. ಕಹಾಲನ ಸಾರ್ವಭೌಮತ್ವಕ್ಕೆ ಧಕ್ಕೆಯಿಲ್ಲ, ಆದರೆ ಅದರೊಳಗೆ ಅಲ್ಲಲ್ಲಿ ಗಾಲ್ಗಿಯ ಪಾಳೆಯಪಟ್ಟುಗಳಿವೆ.

ಗಾಲ್ಗಿ 1926ರಲ್ಲಿ ಪಾವಿಯಾದಲ್ಲಿ ಕಣ್ಮುಚ್ಚಿದ. ಅವನು ಹುಟ್ಟಿದ ಹಳ್ಳಿ ಇಂದು ಅವನ ಹೆಸರನ್ನು ಸೇರಿಸಿಕೊಂಡು ಕೊರ್ತೆನೊ ಗಾಲ್ಗಿ ಎನಿಸಿದೆ. ಕಹಾಲ್ 1934ರ ಅಕ್ಟೋಬರಿನಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡ. ಎರಡು ವರ್ಷ ಕಳೆಯುವುದರೊಳಗೆ ಸ್ಪೇನ್ ಅಂತರ್ಯುದ್ಧದ ಬೆಂಕಿಗೆ ಬಿತ್ತು. ಕಹಾಲ್ ಕಟ್ಟಿದ ಪರಂಪರೆ ದಿಕ್ಕುಪಾಲಾಯಿತು. ಓರ್ತೆಗಾ ಪ್ಯಾರಿಸ್ಸಿಗೆ, ಅಲ್ಲಿಂದ ಆಕ್ಸ್‌ಫರ್ಡಿಗೆ, ಕೊನೆಗೆ ಸಾಗರ ದಾಟಿ ಬ್ಯೂನಸ್ ಐರಿಸ್‌ಗೆ ಹೋಗಿ, 1945ರಲ್ಲಿ ಪರದೇಶಿಯಾಗಿಯೇ ಸತ್ತ. ಅವನ ಮೈಕ್ರೋಗ್ಲಿಯಾದ ವಲಸೆಯ ಕಥೆಯನ್ನು ಪಂಡಿತರು ದಶಕಗಳ ಕಾಲ ಸಂದೇಹಿಸಿದರು. 2005ರಲ್ಲಿ ಜೀವಂತ ಇಲಿಯ ಮಿದುಳಿನೊಳಗೆ ಇಣುಕಿದವರಿಗೆ, ವಿಶ್ರಾಂತಿಯಲ್ಲಿವೆ ಎಂದುಕೊಂಡಿದ್ದ ಆ ಕೋಶಗಳು ತಳವಾರನು ಊರು ಸುತ್ತುವಂತೆ ಕ್ಷಣಕ್ಷಣವೂ ಕೈಚಾಚಿ ತಡವುತ್ತಿರುವುದು ಕಂಡಿತು. 2010ರಲ್ಲಿ, ಅವು ಭ್ರೂಣದ ಹಳದಿಚೀಲದಲ್ಲಿ ಹುಟ್ಟಿ, ಅಲ್ಲಿಂದ ಮಿದುಳಿಗೆ ಪಯಣ ಹೊರಟು ಬಂದು ನೆಲೆಸಿದವೆಂದು ಸಿದ್ಧವಾಯಿತು. ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮೊದಲು, 1986ರಲ್ಲಿ, ಓರ್ತೆಗಾನ ಅಸ್ಥಿಗಳನ್ನು ಬ್ಯೂನಸ್ ಐರಿಸ್‌ನಿಂದ ತರಿಸಿ, ಅವನ ಹುಟ್ಟುಸೀಮೆಯಾದ ವಯ್ಯಾದೊಲಿದ್ ನಗರದ ಗಣ್ಯರ ಸಮಾಧಿಯಲ್ಲಿ ಇಡಲಾಗಿತ್ತು.